ಹಿತ್ತಿಲ ಬಾಗಿಲಿನ ಜಲದಂಡೆ: ಹುಬ್ಬಳ್ಳಿಯ ಉಣಕಲ್ ನಾಲಾ ಪ್ರಕರಣ

ಹುಬ್ಬಳ್ಳಿಗೆ ನದಿಯಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಜಲದಂಡೆಯ ಅಭಿವೃದ್ಧಿ ಎಂಬ ಮಾತು ಬಂದಾಗಲೆಲ್ಲ ಪರದೆಯ ಮೇಲೆ ಮೂಡುವ ಚಿತ್ರಗಳು ಯಾವುದೋ ತುಂಬು ಹೊಳೆಯವು. ಅವುಗಳನ್ನು ನೋಡಿ ತಲೆದೂಗಿದವರೆಲ್ಲ ಮನೆಗೆ ಹೋಗುವಾಗ ದಾಟುವುದು ಮಾತ್ರ ಮೂಗು ಮುಚ್ಚಿಕೊಳ್ಳಬೇಕಾದ ಒಂದು ನಾಲಾವನ್ನು. ಹುಬ್ಬಳ್ಳಿ–ಧಾರವಾಡ ಅವಳಿ ನಗರ ಜಲವಿಭಾಜಕದ ಮೇಲೆ ಕುಳಿತಿದೆ. ಪಶ್ಚಿಮದ ಇಳಿಜಾರಿಗೆ ಬಿದ್ದ ಮಳೆ ಬೇಡ್ತಿಯನ್ನು ಸೇರಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ಬೆಣ್ಣಿಹಳ್ಳ, ಮಲಪ್ರಭೆ, ಕೃಷ್ಣೆಯರ ದಾರಿ ಹಿಡಿದು ಬಂಗಾಳ ಕೊಲ್ಲಿಗೆ. ನೆತ್ತಿಯ ಮೇಲಿರುವ ಊರಿಗೆ ಹೊಳೆ ಎಲ್ಲಿಂದ ಬರಬೇಕು? ಹಿರಿಯರು ಅದಕ್ಕೇ ಕೆರೆ ಕಟ್ಟಿಕೊಂಡರು. ಕೆರೆಯ ಕೋಡಿಯ ನೀರು ಹರಿದ ದಾರಿಯೇ ನಾಲಾ ಆಯಿತು. ನಗರಕ್ಕೆ ಜಲದಂಡೆ ಅಂತ ಏನಾದರೂ ಇದ್ದರೆ ಅದು ಉಣಕಲ್ ಕೆರೆ ಮತ್ತು ಅದರ ಕೆಳಗಿನ ನಾಲಾ, ಇಷ್ಟೇ.

ಕೆರೆಯ ಕತೆ ಎಲ್ಲರಿಗೂ ಗೊತ್ತಿರುವುದರಿಂದ ಬೇಗ ಮುಗಿಸುತ್ತೇನೆ. ಹಳೆಯ ಪಿ.ಬಿ. ರಸ್ತೆಯ ಪಕ್ಕದಲ್ಲಿದೆ, ಒಂದು ಕಾಲದಲ್ಲಿ ಊರಿಗೆ ಕುಡಿಯುವ ನೀರು ಕೊಡುತ್ತಿತ್ತು. ನೀರಿನ ನಡುವೆ ವಿವೇಕಾನಂದರ ಪ್ರತಿಮೆ, ದಂಡೆಯಲ್ಲಿ ಉದ್ಯಾನ, ಎದುರಿಗೆ ಚಿಗರಿ ಬಸ್ಸಿನ ನಿಲ್ದಾಣ. ಸಂಜೆ ಜನ ಬರುತ್ತಾರೆ, ಮೆಕ್ಕೆಜೋಳದ ತೆನೆ ಸುಡುವವರು ಬರುತ್ತಾರೆ. ಸುತ್ತಲಿನ ಬಡಾವಣೆಗಳ ಕೊಳಚೆಯೂ ಬರುತ್ತದೆ. ಅದನ್ನು ಉಂಡು ಅಂತರಗಂಗೆ ಬೆಳೆಯುತ್ತದೆ. ಅನುಕೂಲ ಸಿಕ್ಕರೆ ಎರಡು ವಾರದೊಳಗೆ ಇಮ್ಮಡಿಯಾಗುವ ಸಸ್ಯ ಅದು. ಯಂತ್ರ ಇಳಿಸಿ ತೆಗೆಯುತ್ತಾರೆ, ಮತ್ತೆ ಬರುತ್ತದೆ. ತೆಗೆಯುವುದಕ್ಕೆ ಟೆಂಡರ್ ಇರುತ್ತದೆ, ಊಟ ಹಾಕುವುದನ್ನು ನಿಲ್ಲಿಸಲು ಇರುವುದಿಲ್ಲ.

ಈ ಬರಹದ ವಿಷಯ ಕೆರೆಯಲ್ಲ, ನಾಲಾ. 2016ರಲ್ಲಿ ಹುಬ್ಬಳ್ಳಿ–ಧಾರವಾಡ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. 2018ರಲ್ಲಿ ಕೇಂದ್ರ ಸರ್ಕಾರ, ಫ್ರಾನ್ಸಿನ ಅಭಿವೃದ್ಧಿ ಸಂಸ್ಥೆ ಎಎಫ್‌ಡಿ ಮತ್ತು ಐರೋಪ್ಯ ಒಕ್ಕೂಟ ಜೊತೆಯಾಗಿ ಆರಂಭಿಸಿದ ‘ಸಿಟೀಸ್’ ಕಾರ್ಯಕ್ರಮದಲ್ಲಿ ದೇಶದ ಹನ್ನೆರಡು ಯೋಜನೆಗಳು ಆಯ್ಕೆಯಾದವು. ಅವುಗಳಲ್ಲಿ ಒಂದು ನಮ್ಮದು: ಉಣಕಲ್ ನಾಲಾದ ಗುಂಟ ಸೈಕಲ್ ಪಥ, ಕಾಲುದಾರಿ, ಮರಗಿಡಗಳಿರುವ ಹಸಿರು ಸಂಚಾರ ಕಾರಿಡಾರ್. ಕಲ್ಪನೆ ಚೆನ್ನಾಗಿತ್ತು, ಇದನ್ನು ಯಾವ ವ್ಯಂಗ್ಯವೂ ಇಲ್ಲದೆ ಹೇಳುತ್ತಿದ್ದೇನೆ. ಊರಿನ ಹೊಟ್ಟೆಯ ಮೂಲಕ ಹಾದುಹೋಗುವ, ವಾಹನಗಳಿಲ್ಲದ, ಭೂಸ್ವಾಧೀನದ ದೊಡ್ಡ ರಗಳೆಯೂ ಇಲ್ಲದ ಉದ್ದನೆಯ ಜಾಗ ಇನ್ನೆಲ್ಲಿದೆ? ದಂಡೆಯ ಮೇಲೆ ಏನು ಕಟ್ಟಬೇಕು ಎಂಬುದರ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ದಂಡೆಗೆ ಯಾರು ಮುಖ ಮಾಡುತ್ತಾರೆ, ಅವರು ನೋಡಬೇಕಾದ ನೀರು ಯಾವುದು ಎಂಬ ಚರ್ಚೆ ಸಾಲದು.

ಒಂದು ತುಂಡು ನಾಲಾ

ಇಡೀ ನಾಲಾವನ್ನು ಒಂದೇ ಉಸಿರಿನಲ್ಲಿ ಹೇಳಲು ಹೊರಟರೆ ಏನೂ ಕಾಣುವುದಿಲ್ಲ. ಎರಡು ಸಣ್ಣ ಸೇತುವೆಗಳ ನಡುವೆ, ಮಧ್ಯಮವರ್ಗದ ಬಡಾವಣೆಯೊಂದರ ಹಿಂಬದಿಯಲ್ಲಿ ಹರಿಯುವ ಒಂದು ತುಂಡನ್ನೇ ತೆಗೆದುಕೊಳ್ಳೋಣ. ಊರಿನ ಯಾವ ಬಡಾವಣೆಯಲ್ಲಾದರೂ ಇರಬಹುದಾದ ತುಂಡು.

ಸೇತುವೆಯ ಮೇಲೆ ನಿಂತು ನೋಡಿದರೆ ಎರಡೂ ಕಡೆ ಕಾಣುವುದು ಮನೆಗಳಲ್ಲ, ಮನೆಗಳ ಬೆನ್ನು. ಗಾಜಿನ ಚೂರು ನೆಟ್ಟ ಕಾಂಪೌಂಡ್ ಗೋಡೆ, ಬಚ್ಚಲಿನ ಪೈಪು, ಏಸಿಯ ಹೊರ ಪೆಟ್ಟಿಗೆ, ಗೋಡೆ ದಾಟಿ ಬಾಗಿದ ನುಗ್ಗೆಮರ, ತುಕ್ಕು ಹಿಡಿದ ಚಿಲಕದ ಒಂದು ತಗಡಿನ ಬಾಗಿಲು. ಆ ಮನೆಯ ಅಜ್ಜಿ ಹೇಳುವ ಪ್ರಕಾರ ಅದು ತೆರೆಯುವುದು ದೇವರ ಮನೆಯ ಬಾಡಿದ ಹೂವನ್ನು ಎಸೆಯಲು ಮಾತ್ರ. ಉಳಿದಂತೆ ತೆರೆದರೆ ಹಾವು, ಸೊಳ್ಳೆ, ಕಳ್ಳ ಮೂರಕ್ಕೂ ಒಂದೇ ದಾರಿಯಾಗುತ್ತದೆ. ಮನೆಯ ನಕ್ಷೆಯಲ್ಲಿ ಅಡುಗೆಮನೆ, ಬಚ್ಚಲು, ಪಾತ್ರೆ ತೊಳೆಯುವ ಕಟ್ಟೆ ಎಲ್ಲವೂ ಆ ಕಡೆಗೆ. ಪಡಸಾಲೆ, ತುಳಸಿ, ಗೇಟು, ರಂಗೋಲಿ ಎಲ್ಲವೂ ರಸ್ತೆಯ ಕಡೆಗೆ. ಇದನ್ನು ಯಾರೂ ಕೂತು ಯೋಜಿಸಿದ್ದಲ್ಲ. ವಾಸನೆ ಬರುವ ಕಡೆಗೆ ಯಾರು ಪಡಸಾಲೆ ತೆರೆಯುತ್ತಾರೆ?

ಇನ್ನೊಂದು ಸಂಗತಿಯನ್ನು ಗಮನಿಸಲು ಸ್ವಲ್ಪ ಹೊತ್ತು ನಿಲ್ಲಬೇಕಾಗುತ್ತದೆ. ಬೇಸಿಗೆಯಲ್ಲಿ ಈ ತುಂಡಿನ ನೀರಿನ ಮಟ್ಟ ದಿನದಿಂದ ದಿನಕ್ಕೆ ಬದಲಾಗುತ್ತದೆ, ಮಳೆಯ ಹನಿಯೂ ಬೀಳದೆ. ಕಾರಣ ಸರಳ. ಬಡಾವಣೆಗೆ ನಲ್ಲಿ ನೀರು ಬಿಟ್ಟ ದಿನ ಬಟ್ಟೆ, ಹಾಸಿಗೆ, ಅಂಗಳ, ಸ್ಕೂಟರ್ ಎಲ್ಲವನ್ನೂ ತೊಳೆಯುತ್ತಾರೆ. ಪೈಪುಗಳಿಂದ ನೊರೆ ಇಳಿಯುತ್ತದೆ, ನಾಲಾ ಏರುತ್ತದೆ. ನೀರು ಬಾರದ ದಿನಗಳಲ್ಲಿ ಅದು ಕಪ್ಪು ಗೆರೆಯಾಗಿ ತೆವಳುತ್ತದೆ. ಎಂದರೆ ಈ ‘ಜಲದಂಡೆ’ಯ ಜಲ ಎಂಟು ತಿಂಗಳು ನಮ್ಮ ಬಚ್ಚಲಿನದೇ, ಬೇರೆಯದಲ್ಲ.

ಕೊಳಚೆ ತೆಗೆದರೆ ಉಳಿಯುವುದೇನು?

ಪ್ರಕರಣದ ಗಂಟು ಇರುವುದು ಇಲ್ಲಿ. ನಾಲಾ ಸ್ವಚ್ಛವಾಗಬೇಕು ಎಂದು ಎಲ್ಲರೂ ಹೇಳುತ್ತಾರೆ. ಸರಿ, ಎರಡೂ ದಂಡೆಗಳ ಗುಂಟ ಒಳಚರಂಡಿ ಕೊಳವೆ ಹಾಕಿ ಒಂದೊಂದು ಪೈಪನ್ನೂ ಅದಕ್ಕೆ ಜೋಡಿಸಿದೆವು ಎಂದಿಟ್ಟುಕೊಳ್ಳಿ. ಆಗ ಕೊಳಚೆ ಹೋಗುತ್ತದೆ, ಅದರೊಂದಿಗೆ ನೀರೂ ಹೋಗುತ್ತದೆ. ಫೆಬ್ರುವರಿಯಿಂದ ಮೇವರೆಗೆ ಉಳಿಯುವುದು ಒಣ ಕಾಲುವೆ. ಒಣ ಕಾಲುವೆಯ ಭಾಗ್ಯ ನಮಗೆ ಗೊತ್ತೇ ಇದೆ: ಕಟ್ಟಡದ ಒಡಕಲು ಇಟ್ಟಿಗೆ, ಕೋಳಿ ಅಂಗಡಿಯ ಚೀಲ, ಹಳೆಯ ಗಾದಿ.

ಬೇರೆ ಊರುಗಳು ಈ ಪ್ರಶ್ನೆಗೆ ಉತ್ತರ ಕೊಂಡುಕೊಂಡಿವೆ. ದಕ್ಷಿಣ ಕೊರಿಯಾದ ಸೋಲ್ ನಗರ ಚೊಂಗ್‌ಗೆಚೊನ್ ಎಂಬ ತನ್ನ ಹಳ್ಳದ ಮೇಲೆ ರಸ್ತೆಯನ್ನೂ ಅದರ ಮೇಲೊಂದು ಮೇಲ್ಸೇತುವೆಯನ್ನೂ ಹೊದಿಸಿತ್ತು. 2003ರಲ್ಲಿ ಅವನ್ನು ಕೆಡವಲು ತೊಡಗಿ 2005ರ ಅಕ್ಟೋಬರ್‌ನಲ್ಲಿ 5.8 ಕಿಲೋಮೀಟರ್ ಉದ್ದದ ಹಳ್ಳವನ್ನು ಜನರಿಗೆ ತೆರೆಯಿತು. ನಮ್ಮ ಭಾಷಣಗಳಲ್ಲಿ ಬರುವ ಕತೆ ಇಷ್ಟಕ್ಕೇ ನಿಲ್ಲುತ್ತದೆ. ಆ ಹಳ್ಳವೂ ಸಹಜವಾಗಿ ವರ್ಷದ ಬಹುಪಾಲು ಒಣಗಿಯೇ ಇರುತ್ತಿತ್ತು. ಅಲ್ಲಿ ಈಗ ಹರಿಯುವುದು ಬಹುಮಟ್ಟಿಗೆ ಹಾನ್ ನದಿಯಿಂದ ದಿನಕ್ಕೆ ಸುಮಾರು 1,20,000 ಟನ್‌ನಷ್ಟು ಪಂಪ್ ಮಾಡಿ ತಂದ ನೀರು ಎಂಬ ಮಾತು ಭಾಷಣದಲ್ಲಿ ಬರುವುದಿಲ್ಲ. ಅಹಮದಾಬಾದಿನ ಸಾಬರಮತಿ ದಂಡೆಯಲ್ಲಿ ನಿಂತ ನೀರಿಗೂ ನರ್ಮದಾ ಕಾಲುವೆ ಬೇಕಾಯಿತು, ಅದನ್ನು ಹಿಡಿದಿಡಲು ವಾಸಣಾ ಬ್ಯಾರೇಜ್ ಬೇಕಾಯಿತು.

ನಾವು ಎಲ್ಲಿಂದ ತರುವುದು? 2011ರ ಜನಗಣತಿಯಲ್ಲಿಯೇ 9.43 ಲಕ್ಷ ಜನರಿದ್ದ ಈ ನಗರಕ್ಕೆ ನೀರು ಬರುವುದು ಸವದತ್ತಿಯ ಹತ್ತಿರದ ಮಲಪ್ರಭಾ ಜಲಾಶಯದಿಂದ ಮತ್ತು ನೀರಸಾಗರದಿಂದ. ಹಲವು ಬಡಾವಣೆಗಳಲ್ಲಿ ನಲ್ಲಿಯ ಮುಂದೆ ದಿನ ಎಣಿಸುವ ಊರಿನಲ್ಲಿ ನಾಲಾದ ಅಂದಕ್ಕೆ ಮಲಪ್ರಭೆಯ ನೀರು ಬಿಡುತ್ತೇವೆ ಎಂದು ಯಾರಾದರೂ ಹೇಳಿದರೆ ಮಹಿಳೆಯರು ಖಾಲಿ ಕೊಡ ಹಿಡಿದು ಪಾಲಿಕೆಗೇ ಬರುತ್ತಾರೆ, ಬರಬೇಕು ಕೂಡ.

ಉಳಿಯುವುದು ಒಂದೇ ದಾರಿ, ಶುದ್ಧೀಕರಿಸಿದ ಬಳಕೆ ನೀರು. ಇಲ್ಲಿಯೂ ಒಂದು ತೊಡಕು. ದೊಡ್ಡ ಶುದ್ಧೀಕರಣ ಘಟಕ ಇರುವುದು ಗಬ್ಬೂರಿನ ಕಡೆ, ನಾಲಾದ ತುದಿಯಲ್ಲಿ. ಇಳಿಜಾರು ನೋಡಿ ಕಟ್ಟಿದ ಘಟಕ ತಗ್ಗಿನಲ್ಲಿರುವುದು ಸಹಜವೇ. ಅಲ್ಲಿ ತಿಳಿಯಾದ ನೀರು ಊರು ದಾಟಿಯಾಗಿರುತ್ತದೆ. ಅದನ್ನು ಮತ್ತೆ ಉಣಕಲ್‌ವರೆಗೆ ಏರಿಸಬೇಕಾದರೆ ವಿದ್ಯುತ್ ಬಿಲ್ ಯಾರ ಹೆಸರಿಗೆ? ನಾಲಾದ ಮೇಲ್ಭಾಗದಲ್ಲಿಯೇ, ಕೆರೆಯ ಹತ್ತಿರ ಒಂದು, ನಡುವೆ ಒಂದೆರಡು ಸಣ್ಣ ಘಟಕಗಳನ್ನು ಕಟ್ಟಿ, ಆಯಾ ಬಡಾವಣೆಯ ನೀರನ್ನು ಅಲ್ಲಿಯೇ ತಿಳಿಗೊಳಿಸಿ ಅಲ್ಲಿಯೇ ನಾಲಾಕ್ಕೆ ಬಿಡುವುದು ನನ್ನ ಪ್ರಕಾರ ಈ ಯೋಜನೆಯ ಮೊದಲ ಕಾಮಗಾರಿ ಆಗಬೇಕಿತ್ತು. ಫೋಟೊದಲ್ಲಿ ಚೆನ್ನಾಗಿ ಕಾಣದ ಕಾಮಗಾರಿ ಅದು. ಸೈಕಲ್ ಪಥದ ಮೇಲೆ ಟೇಪು ಕತ್ತರಿಸಬಹುದು, ಕೊಳಚೆ ಘಟಕದ ಮುಂದೆ ನಿಲ್ಲಲು ಗಣ್ಯರಿಗೆ ಅಷ್ಟು ಉತ್ಸಾಹ ಇರುವುದಿಲ್ಲ. ನೀರಿನ ವ್ಯವಸ್ಥೆಯಾಗುವ ಮೊದಲು ದಂಡೆ ಕಟ್ಟುವುದು ಕೂಸು ಹುಟ್ಟುವ ಮೊದಲು ಕುಲಾವಿ ಹೊಲಿಸಿದ ಹಾಗೆ.

ಕೆಳಗಿನವರನ್ನು ಮರೆಯುವಂತಿಲ್ಲ. ಬಿಡನಾಳ, ಕಟ್ನೂರು ಕಡೆಯ ರೈತರು ದಶಕಗಳಿಂದ ಈ ನೀರನ್ನೇ ಪಂಪ್ ಹಚ್ಚಿ ಎತ್ತಿ ತರಕಾರಿ ಬೆಳೆದಿದ್ದಾರೆ. ಮಳೆಯಾಶ್ರಿತ ಸೀಮೆಯಲ್ಲಿ ವರ್ಷವಿಡೀ ಹರಿಯುವ, ಗೊಬ್ಬರದ ಸತ್ವವೂ ಇರುವ ನೀರು ಎಂದರೆ ಸಣ್ಣ ಮಾತೇ? ಕಾಲಿಗೆ ತುರಿಕೆ, ಹೊಲದಲ್ಲಿ ಕಳೆ, ಸೊಪ್ಪಿನ ಮೇಲೆ ರೋಗಾಣು ಎಲ್ಲವೂ ಅದರ ಜೊತೆಗೇ ಬರುತ್ತವೆ, ಅದೂ ನಿಜ. ಆ ಸೊಪ್ಪು ಬಂದು ಸೇರುವುದು ನಮ್ಮ ಸಂತೆಗೇ. ನಗರದಲ್ಲಿ ನಾಲಾ ಸ್ವಚ್ಛವಾದರೆ ಅವರ ಸೊಪ್ಪು ಸುರಕ್ಷಿತವಾಗುತ್ತದೆ. ನಗರದಲ್ಲಿ ನಾಲಾ ಒಣಗಿದರೆ ಅವರ ಹೊಲವೂ ಒಣಗುತ್ತದೆ. ದಂಡೆಯ ವಿನ್ಯಾಸದ ಸಭೆಗೆ ವಾಸ್ತುಶಿಲ್ಪಿ, ಎಂಜಿನಿಯರ್, ಸೈಕಲ್ ಕ್ಲಬ್ಬಿನವರು ಬಂದರೆ ಸಾಲದು, ಬಿಡನಾಳದ ರೈತನಿಗೂ ಒಂದು ಕುರ್ಚಿ ಹಾಕಬೇಕು.

ಗೋಡೆಯೋ, ಮೆಟ್ಟಿಲೋ

ನಾಲಾದ ಎರಡೂ ಬದಿ ನೆಟ್ಟಗೆ ಕಾಂಕ್ರೀಟ್ ಗೋಡೆ ಎಬ್ಬಿಸುವುದು ನಮ್ಮ ಎಂಜಿನಿಯರಿಂಗಿನ ಮೊದಲ ಪ್ರೀತಿ. ಅದಕ್ಕೆ ಕಾರಣವಿಲ್ಲದಿಲ್ಲ. ಜಾಗ ಕಡಿಮೆ ಬೇಕು, ಪ್ರವಾಹದ ನೀರು ಬೇಗ ಸಾಗುತ್ತದೆ, ನಾಳೆ ಯಾರೂ ಒಂದಡಿ ಮುಂದೆ ಬಂದು ಶೆಡ್ ಹಾಕದಂತೆ ಗಡಿ ಗಟ್ಟಿಯಾಗುತ್ತದೆ. ಈ ಕೊನೆಯದು ಹುಬ್ಬಳ್ಳಿಯಲ್ಲಿ ಸಣ್ಣ ಲಾಭವಲ್ಲ. ಮನೆಗಳು ಅಂಚಿಗೇ ಬಂದು ನಿಂತ ಕಡೆ ಗೋಡೆಯಲ್ಲದೆ ಬೇರೆ ಉಪಾಯವೂ ಇಲ್ಲ.

ಗೋಡೆ ಕಟ್ಟಿದ ಮೇಲೆ ನಾಲಾ ಎಂದರೆ ಮೇಲಿನಿಂದ ಇಣುಕಿ ನೋಡುವ ಗುಂಡಿ. ಬಿದ್ದ ಮಗು ಏರಿ ಬರಲಾರದು, ಬಿದ್ದ ದನವೂ ಬರಲಾರದು. ವೇಗವಾಗಿ ಸಾಗಿದ ನೀರು ಮೇಲಿನ ಬಡಾವಣೆಯನ್ನು ಉಳಿಸಿ ಕೆಳಗಿನ ಬಡಾವಣೆಯಲ್ಲಿ ಉಕ್ಕುತ್ತದೆ. ಖಾಲಿ ಜಾಗ ಸಿಕ್ಕ ಕಡೆಗಳಲ್ಲಾದರೂ, ಪಾಲಿಕೆಯ ನಿವೇಶನ, ಶಾಲೆಯ ಮೈದಾನ, ದೇವಸ್ಥಾನದ ಬಯಲು ಎಲ್ಲಿದ್ದರೆ ಅಲ್ಲಿ, ಗೋಡೆಯನ್ನು ಒಡೆದು ಅಗಲವಾದ ಮೆಟ್ಟಿಲುಗಳಾಗಿ ಇಳಿಸಬೇಕು. ನಡುವೆ ಬೇಸಿಗೆಯ ಸಣ್ಣ ಹರಿವಿಗೆ ಕಿರಿದಾದ ಒಳಕಾಲುವೆ. ಅದರ ಮೇಲಿನ ಹಂತಗಳು ಮಳೆಗಾಲದಲ್ಲಿ ಕೆಲವು ದಿನ ಮುಳುಗಲಿ. ಮುಳುಗುವುದನ್ನು ಸೋಲೆಂದು ಎಣಿಸದೆ ಮೊದಲೇ ಲೆಕ್ಕಕ್ಕೆ ಹಿಡಿದರೆ ದೀಪದ ಕಂಬದ ವಿದ್ಯುತ್ ಪೆಟ್ಟಿಗೆಯನ್ನು ಎಷ್ಟು ಎತ್ತರದಲ್ಲಿ ಕೂರಿಸಬೇಕು, ಬೆಂಚನ್ನು ಯಾವುದರಿಂದ ಮಾಡಬೇಕು, ಮಳೆ ಬಂದ ಸಂಜೆ ಯಾವ ಗೇಟು ಮುಚ್ಚಬೇಕು ಎಲ್ಲವೂ ತಾವಾಗಿಯೇ ತೀರ್ಮಾನವಾಗುತ್ತವೆ.

ಮಣ್ಣಿನ ಮಾತೂ ಇದೆ. ಎರೆ ಮಣ್ಣು ಇರುವ ಕಡೆ ನೆಲ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದರ ಮೇಲೆ ತೆಳ್ಳಗೆ ಮರಳು ಹರವಿ ಇಂಟರ್‌ಲಾಕ್ ಇಟ್ಟಿಗೆ ಜೋಡಿಸಿದರೆ ಎರಡು ಮಳೆಗಾಲದಲ್ಲಿ ಅದು ಅಲೆಯಲೆಯಾಗುತ್ತದೆ. ಗಾಲಿಕುರ್ಚಿಯೂ ಹೋಗದು, ಅಜ್ಜನ ಕೋಲೂ ನಿಲ್ಲದು. ಎರೆಯನ್ನು ಸಾಕಷ್ಟು ಆಳ ತೆಗೆದು ಗರಸು ತುಂಬಿ ದಮ್ಮಸು ಹಾಕುವುದು ಇಲ್ಲಿಯ ಹಳೆಯ ಮೇಸ್ತ್ರಿಗಳೆಲ್ಲರಿಗೂ ಗೊತ್ತಿರುವ ವಿದ್ಯೆ. ಅಂದಾಜುಪಟ್ಟಿಯಲ್ಲಿ ಅದಕ್ಕೊಂದು ಸಾಲು ಇರಬೇಕು, ಆ ಸಾಲಿನಂತೆ ಅಗೆತ ನಡೆದಿರಬೇಕು.

ದುರ್ಗದ ಬೈಲಿನಿಂದ ಕಲಿಯಬೇಕಾದದ್ದು

ನಗರದಲ್ಲಿ ಜನ ತುಂಬಿ ತುಳುಕುವ ಸಾರ್ವಜನಿಕ ಬಯಲು ಯಾವುದು? ಯಾವ ವಿನ್ಯಾಸಕಾರನೂ ಕೈಯಾಡಿಸದ ದುರ್ಗದ ಬೈಲು. ಸಂಜೆ ಆರರ ನಂತರ ಅಲ್ಲಿ ನಿಂತರೆ ಗೊತ್ತಾಗುತ್ತದೆ. ಒಂದು ಕಡೆ ಬಳೆ, ಕುಪ್ಪಸದ ಕಣ, ಸ್ಟೀಲ್ ಪಾತ್ರೆ. ಇನ್ನೊಂದು ಕಡೆ ಗಿರ್ಮಿಟ್ ಕಲಸುವ ಬುಟ್ಟಿ, ಎಣ್ಣೆಯಲ್ಲಿ ಸುಯ್ಯೆನ್ನುವ ಮಿರ್ಚಿ. ಕುಂದಗೋಳ, ನವಲಗುಂದದ ಹಳ್ಳಿಗಳಿಂದ ಮದುವೆಯ ಬಟ್ಟೆಗೆ ಬಂದವರು ಬಸ್ಸು ಹತ್ತುವ ಮುಂಚೆ ಒಂದು ಪ್ಲೇಟು ತಿಂದೇ ಹೋಗುತ್ತಾರೆ. ಕೂರಲು ಜಾಗವಿಲ್ಲ, ನಿಲ್ಲಲು ನೆರಳಿಲ್ಲ, ಶೌಚಾಲಯ ಹುಡುಕುವ ಹೆಂಗಸಿನ ಪಾಡು ಹೇಳತೀರದು. ಆದರೂ ಜನ. ಏಕೆಂದರೆ ಅಲ್ಲಿ ಮಾಡಲು ಏನೋ ಇದೆ, ನೋಡಲು ಇತರರಿದ್ದಾರೆ, ಕತ್ತಲಾದರೂ ಬೆಳಕಿರುತ್ತದೆ. ಆ ಬೆಳಕು ಬೀದಿದೀಪದ್ದಷ್ಟೇ ಅಲ್ಲ, ತಳ್ಳುಗಾಡಿಗಳದ್ದೂ ಹೌದು.

ನ್ಯೂಯಾರ್ಕ್ ನಗರ 1961ರಲ್ಲಿ ಒಂದು ನಿಯಮ ಮಾಡಿತು: ಕಟ್ಟಡದ ಮುಂದೆ ಸಾರ್ವಜನಿಕ ಬಯಲು ಬಿಟ್ಟವರಿಗೆ ಹೆಚ್ಚುವರಿ ಅಂತಸ್ತು. ಬಿಲ್ಡರ್‌ಗಳು ಬಯಲು ಬಿಟ್ಟರು, ನುಣ್ಣನೆಯ ಕಲ್ಲು ಹಾಸಿದರು, ಅವುಗಳಲ್ಲಿ ಬಹಳಷ್ಟು ಬಿಕೋ ಎಂದವು. ಜನರ ನಡವಳಿಕೆಯನ್ನು ಕ್ಯಾಮೆರಾ ಇಟ್ಟು ಅಭ್ಯಾಸ ಮಾಡಿದವರು ಕೊನೆಗೆ ಕಂಡುಕೊಂಡದ್ದು, ಕೂರಲು ಜಾಗ ಇದ್ದಲ್ಲಿ ಜನ ಕೂರುತ್ತಾರೆ ಎಂಬುದನ್ನು. ನಮ್ಮ ಊರಿನ ಬೇವಿನಮರದ ಕಟ್ಟೆಯ ಮೇಲೆ ಕೂತ ಯಾವ ಮುದುಕನೂ ಹೇಳಬಹುದಾಗಿದ್ದ ಮಾತು. 1975ರಲ್ಲಿ ಅಲ್ಲಿಯ ನಿಯಮ ತಿದ್ದಿ ಆಸನಗಳನ್ನು ಕಡ್ಡಾಯ ಮಾಡಿದರು. ನಾಲಾದ ದಂಡೆಗೂ ಬೇಕಾದದ್ದು ಆಮದಾದ ಉಕ್ಕಿನ ಬೆಂಚಲ್ಲ, ಮರದ ಬುಡದಲ್ಲಿ ಎರಡೂ ಕಡೆ ಮುಖ ಮಾಡಿ ಕೂರಬಹುದಾದ ಅಗಲ ಕಟ್ಟೆ.

ದಂಡೆಗೆ ಅಂಗಡಿಕಾರರನ್ನು ಕರೆಯಬೇಕೋ ಬೇಡವೋ ಎಂಬಲ್ಲಿ ಅಭಿಪ್ರಾಯಭೇದ ಇದೆ. ವಾಯುವಿಹಾರಕ್ಕೆ ಬರುವವರಿಗೆ ಎಣ್ಣೆ, ಕಾಗದದ ತಟ್ಟೆ, ಗದ್ದಲ ಬೇಡ. ಅವರ ಮಾತಿನಲ್ಲೂ ಹುರುಳಿದೆ. ಆದರೆ ಬೆಳಗಿನ ವಾಕಿಂಗ್ ಏಳೂವರೆಗೆ ಮುಗಿಯುತ್ತದೆ, ಆಮೇಲೆ ಸಂಜೆಯವರೆಗೆ ದಂಡೆ ಯಾರದು? ಯಾರೂ ಇಲ್ಲದ ಜಾಗದಲ್ಲಿ ಒಬ್ಬಳೇ ನಡೆದು ಹೋಗಲು ಕಾಲೇಜಿನ ಹುಡುಗಿ ಹಿಂಜರಿಯುತ್ತಾಳೆ, ಅವಳು ಬಾರದ ಜಾಗ ಆರು ತಿಂಗಳಲ್ಲಿ ಇಸ್ಪೀಟಿನವರ ಪಾಲಾಗುತ್ತದೆ. ಸೇತುವೆಗಳ ಹತ್ತಿರ, ರಸ್ತೆಗೆ ಕಾಣುವಂತೆ, ನೀರಿನ ನಲ್ಲಿ ಮತ್ತು ಕಸದ ವ್ಯವಸ್ಥೆಯೊಡನೆ ಕೆಲವು ಗಾಡಿಗಳಿಗೆ ನಿಗದಿತ ಜಾಗ ಕೊಡುವುದು ನನಗೆ ಸರಿ ಕಾಣುತ್ತದೆ. ಗುತ್ತಿಗೆದಾರನ ಗಾಜಿನ ಕಿಯಾಸ್ಕ್ ಅಲ್ಲ, ಈಗಾಗಲೇ ಆ ಓಣಿಯಲ್ಲಿ ನಿಲ್ಲುವ ಗಾಡಿಗಳು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸ್ಥಾನವನ್ನು ವ್ಯಾಪಾರಿಗಳಿಗೇ ಕೊಟ್ಟಿದೆ, ಅದರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿಗೆ. ಜಾಗ ಗುರುತಿಸಲು ಹೊಸ ಸಮಿತಿ ಬೇಕಿಲ್ಲ. ಸೋಲ್‌ನಲ್ಲಿ ಹಳ್ಳ ತೆರೆದಾಗ ಎಬ್ಬಿಸಿದ ವ್ಯಾಪಾರಿಗಳನ್ನು ಹಳೆಯ ಕ್ರೀಡಾಂಗಣವೊಂದಕ್ಕೆ ಕಳಿಸಿದರು. ಕೆಲವೇ ವರ್ಷಗಳಲ್ಲಿ ಆ ಕ್ರೀಡಾಂಗಣವನ್ನೂ ಕೆಡವಿದರು. ಅಹಮದಾಬಾದಿನಲ್ಲಿ ಭಾನುವಾರದ ಗುಜರಿ ಸಂತೆಗೆ ದಂಡೆಯ ಮೇಲೆಯೇ ಹೊಸ ಜಾಗ ಕಟ್ಟಿಕೊಟ್ಟರು, 2014ರಲ್ಲಿ. ಎರಡರಲ್ಲಿ ಯಾವುದು ಬೇಕೆಂದು ನಾವು ಮೊದಲೇ ತೀರ್ಮಾನಿಸಬಹುದು.

ಬಾಗಿಲು

ಮತ್ತೆ ಆ ತಗಡಿನ ಬಾಗಿಲಿಗೆ ಬರುತ್ತೇನೆ, ಏಕೆಂದರೆ ನನ್ನ ಮಟ್ಟಿಗೆ ಯೋಜನೆಯ ಗೆಲುವು ಸೋಲಿನ ಅಳತೆಗೋಲು ಅದೇ. ನಾಲಾದ ಗುಂಟ ಉದ್ದಕ್ಕೆ ದಾರಿ ಮಾಡಿ ಎರಡು ತುದಿಗೆ ಮಾತ್ರ ಗೇಟು ಇಟ್ಟರೆ ಅದು ಓಣಿಯವರಿಗೆ ಸಂಬಂಧಪಡದ ಕೊಳವೆ. ಅಡ್ಡದಾರಿಗಳು ಮುಖ್ಯ: ಪ್ರತಿ ಬಡಾವಣೆಯ ಒಂದೆರಡು ಗಲ್ಲಿಗಳು ದಂಡೆಗೆ ಬಂದು ತೆರೆಯಬೇಕು, ಆಚೆಯ ಶಾಲೆಗೆ ಈಚೆಯ ಮಕ್ಕಳು ದಾಟಲು ಕಾಲುಸೇತುವೆ ಬೇಕು. ದಾರಿಯ ಮೇಲಿನ ತುದಿ ಉಣಕಲ್ ಕೆರೆಯ ಚಿಗರಿ ನಿಲ್ದಾಣಕ್ಕೆ ಸರಿಯಾಗಿ ಕೂಡಿಕೊಂಡರೆ ಸೈಕಲ್ಲು ಭಾನುವಾರದ ಷೋಕಿಯಾಗದೆ ವಾರದ ದಿನಗಳ ವಾಹನವಾಗುತ್ತದೆ.

ಮನೆಯವರು ಬಾಗಿಲು ತೆರೆಯಬೇಕಾದರೆ ಅವರಿಗೆ ಲಾಭ ಕಾಣಬೇಕು. ಹಿಂಗೋಡೆಯ ಕೆಳಭಾಗ ಮಾತ್ರ ಗಟ್ಟಿಯಾಗಿದ್ದು ಮೇಲೆ ಜಾಲರಿ ಹಾಕಿಸಿಕೊಳ್ಳುವವರಿಗೆ, ದಂಡೆಯ ಕಡೆಗೆ ಸಣ್ಣ ಅಂಗಡಿಯನ್ನೋ ಹೊಲಿಗೆ ಯಂತ್ರವನ್ನೋ ಟ್ಯೂಷನ್ ಕೋಣೆಯನ್ನೋ ತೆರೆಯುವವರಿಗೆ ಆಸ್ತಿ ತೆರಿಗೆಯಲ್ಲಿ ಒಂದಿಷ್ಟು ರಿಯಾಯಿತಿ ಕೊಟ್ಟರೆ ಪಾಲಿಕೆಗೆ ಆಗುವ ನಷ್ಟ ಕಾವಲುಗಾರನ ಸಂಬಳಕ್ಕಿಂತ ಹೆಚ್ಚೇನೂ ಆಗಲಿಕ್ಕಿಲ್ಲ. ಆದರೆ ಷರತ್ತು ಒಂದಿರಲಿ: ಮೊದಲು ಬಚ್ಚಲಿನ ಪೈಪು ಒಳಚರಂಡಿಗೆ ಜೋಡಣೆಯಾಗಬೇಕು, ಆಮೇಲೆ ಬಾಗಿಲಿನ ಪರವಾನಗಿ. ಕಣ್ಣೆದುರು ಬೀಳುವ ಪೈಪಿನ ಬಗ್ಗೆ ನೆರೆಯವರೇ ತಕರಾರು ಎತ್ತುತ್ತಾರೆ, ಪಾಲಿಕೆಯ ಇನ್‌ಸ್ಪೆಕ್ಟರ್ ಬರುವವರೆಗೆ ಕಾಯುವುದಿಲ್ಲ.

ಇನ್ನು ನಿರ್ವಹಣೆ. ಸ್ಮಾರ್ಟ್ ಸಿಟಿ ಮಿಷನ್ 2025ರ ಮಾರ್ಚ್ 31ಕ್ಕೆ ಮುಗಿದಿದೆ. ಕಟ್ಟಲು ಹಣ ತಂದ ವ್ಯವಸ್ಥೆ ಬೇರೆ, ಇನ್ನು ಗುಡಿಸಿ, ಬಲ್ಬು ಬದಲಿಸಿ, ಹೂಳೆತ್ತಿ ನೋಡಿಕೊಳ್ಳಬೇಕಾದ ಪಾಲಿಕೆ ಬೇರೆ. ತೋಟಗಾರಿಕೆ, ವಿದ್ಯುತ್, ಒಳಚರಂಡಿ, ಘನತ್ಯಾಜ್ಯ ಎಂದು ನಾಲ್ಕು ವಿಭಾಗಗಳಿಗೆ ಹಂಚಿದರೆ ದಂಡೆಯ ಕಸಕ್ಕೆ ನಾಲ್ವರು ವಾರಸುದಾರರಿದ್ದೂ ಎತ್ತುವವರಿಲ್ಲ ಎಂಬಂತಾಗುತ್ತದೆ. ಉಣಕಲ್‌ನಿಂದ ಗಬ್ಬೂರಿನವರೆಗೆ ಇಡೀ ನಾಲಾಕ್ಕೆ ಒಬ್ಬನೇ ಎಂಜಿನಿಯರ್ ಹೊಣೆಗಾರನಾಗಬೇಕು, ಅವನ ಕೈಯಲ್ಲಿ ಪ್ರತ್ಯೇಕ ಬಜೆಟ್ ಶೀರ್ಷಿಕೆ ಇರಬೇಕು, ಪ್ರತಿ ಸೇತುವೆಯ ಕಂಬಕ್ಕೂ ಅವನ ಮೊಬೈಲ್ ಸಂಖ್ಯೆ ಬರೆಸಬೇಕು. ಮೇ ತಿಂಗಳ ಕೊನೆಯೊಳಗೆ ಹೂಳು ಎತ್ತಿಸಿದ್ದನ್ನು ಆಯಾ ವಾರ್ಡಿನ ಇಬ್ಬರು ನಿವಾಸಿಗಳು ನೋಡಿ ಸಹಿ ಹಾಕಿದ ಮೇಲೆಯೇ ಗುತ್ತಿಗೆದಾರನ ಬಿಲ್ ಪಾಸಾಗಬೇಕು, ಎತ್ತಿದ ಹೂಳು ದಂಡೆಯ ಮೇಲೆಯೇ ಬಿದ್ದಿದ್ದರೆ ಅದು ಎತ್ತಿದ ಲೆಕ್ಕಕ್ಕೆ ಬರಬಾರದು.